ಗ್ಲೋ ಪ್ಲಗ್ ದೀಪ: ಡೀಸೆಲ್ ಕಾರಿನ ಆ ಹಳದಿ ಸುರುಳಿ ಏನು ಹೇಳುತ್ತದೆ?

ಡೀಸೆಲ್ ಕಾರಿನ ಕೀ ತಿರುಗಿಸಿದ ಕೂಡಲೇ ಮೀಟರ್ ಬೋರ್ಡಿನಲ್ಲಿ ಸ್ಪ್ರಿಂಗಿನಂಥ ಒಂದು ಹಳದಿ ಗುರುತು ಹೊತ್ತಿಕೊಳ್ಳುತ್ತದೆ. ಅದೇ ಗ್ಲೋ ಪ್ಲಗ್ ದೀಪ. ಗ್ಯಾರೇಜಿನವರು ಇದನ್ನು ಹೀಟರ್ ಪ್ಲಗ್ ದೀಪ ಅಂತಲೂ ಕರೆಯುತ್ತಾರೆ. ಇಂಜಿನ್ ತಣ್ಣಗಿದ್ದರೆ ಕೆಲವು ಸೆಕೆಂಡು ಉರಿದು ಆರುತ್ತದೆ, ಬೆಚ್ಚಗಿದ್ದರೆ ಕಂಡೂ ಕಾಣದಂತೆ ಮಾಯವಾಗುತ್ತದೆ. ಈ ಹೊತ್ತಿನಲ್ಲಿ ಅದು ಹೇಳುವುದು ಒಂದೇ: ಸ್ವಲ್ಪ ತಡಿ, ಈಗಲೇ ಸ್ಟಾರ್ಟ್ ಮಾಡಬೇಡ.

ತಡೆಯುವುದು ಯಾಕೆ? ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸಲು ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್‌ಗೆ ಅದಿಲ್ಲ. ಅಲ್ಲಿ ಪಿಸ್ಟನ್ ಗಾಳಿಯನ್ನು ಸುಮಾರು 16ರಿಂದ 20ರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತುತ್ತದೆ. ಒತ್ತಿದ ಗಾಳಿ 500 ಡಿಗ್ರಿಗಿಂತ ಜಾಸ್ತಿ ಕಾಯುತ್ತದೆ. ಅದರೊಳಗೆ ಚಿಮ್ಮಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಇಂಜಿನ್ ತಣ್ಣಗಿದ್ದಾಗ ಮಾತ್ರ ಸುತ್ತಲಿನ ಲೋಹ ಆ ಕಾವನ್ನು ಹೀರಿಕೊಂಡುಬಿಡುತ್ತದೆ. ಆಗ ನೆರವಿಗೆ ಬರುವುದೇ ಗ್ಲೋ ಪ್ಲಗ್. ಪೆನ್ಸಿಲ್ ಗಾತ್ರದ ಕಡ್ಡಿ, ಸಾಮಾನ್ಯವಾಗಿ ಒಂದು ಸಿಲಿಂಡರಿಗೆ ಒಂದು. ಬ್ಯಾಟರಿಯ ಕರೆಂಟಿನಿಂದ ಅದರ ತುದಿ ಕೆಂಪಗೆ ಕಾಯುತ್ತದೆ. ಈಗಿನ ಪ್ಲಗ್‌ಗಳು ಕೆಲವೇ ಸೆಕೆಂಡಿನಲ್ಲಿ 1000 ಡಿಗ್ರಿಯ ಹತ್ತಿರ ಹೋಗುತ್ತವೆ. ಸಿರಾಮಿಕ್ ಆದರೆ ಅದನ್ನೂ ದಾಟುತ್ತವೆ. ದೀಪ ಆರಿದ ಮೇಲೂ, ಇಂಜಿನ್ ಶುರುವಾದ ಮೇಲೂ, ಬಿಳಿ ಹೊಗೆ ಮತ್ತು ಕಟಕಟ ಸದ್ದು ತಗ್ಗಿಸಲು ಪ್ಲಗ್ ಇನ್ನೊಂದಿಷ್ಟು ಹೊತ್ತು ಬಿಸಿಯಾಗುತ್ತಲೇ ಇರುತ್ತದೆ.

ಇಲ್ಲೇ ಬಹಳ ಜನ ಎಡವುತ್ತಾರೆ. ದೀಪ ಸರಿಯಾಗಿ ಆರಿತು ಅಂದಮಾತ್ರಕ್ಕೆ ಪ್ಲಗ್ ಚೆನ್ನಾಗಿದೆ ಎಂದಲ್ಲ. ಎಷ್ಟೋ ಹಳೆಯ ಕಾರುಗಳಲ್ಲಿ ದೀಪ ಬರೀ ಟೈಮರ್ ಲೆಕ್ಕದಲ್ಲಿ ಉರಿಯುತ್ತದೆ. ಪ್ಲಗ್ ಸತ್ತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಹಾಗೆಯೇ, ಓಡುವಾಗ ದೀಪ ಮಿಟುಕಿತು ಅಂದರೆ ಪ್ಲಗ್ಗೇ ಹೋಗಿದೆ ಎಂದೂ ಅಲ್ಲ. ಫೋಕ್ಸ್‌ವ್ಯಾಗನ್ ಗುಂಪಿನ ಡೀಸೆಲ್ ಕಾರುಗಳಲ್ಲಿ ಈ ದೀಪ ಮಿಟುಕಿದರೆ ಇಂಜಿನ್ ನಿಯಂತ್ರಣದಲ್ಲಿ ಏನೋ ದೋಷ ಕಂಡಿದೆ ಎಂದರ್ಥ. ಎಷ್ಟೋ ಸಲ ಕೆಟ್ಟಿರುವುದು ಬ್ರೇಕ್ ಪೆಡಲಿನ ಸ್ವಿಚ್! ಸುಮ್ನೆ ನಾಲ್ಕು ಹೊಸ ಪ್ಲಗ್ ಹಾಕಿಸಿದರೆ ದುಡ್ಡು ಹೋಗುತ್ತದೆ, ದೀಪ ಹೋಗುವುದಿಲ್ಲ.

ಹಾಗಾಗಿ ಮೊದಲು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಚ್ಚಿ, ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದಿಸಬೇಕು. ಪಿ0671ರಿಂದ ಪಿ0674ರವರೆಗಿನ ಕೋಡ್ ಬಂದರೆ ಕ್ರಮವಾಗಿ ಒಂದರಿಂದ ನಾಲ್ಕನೇ ಸಿಲಿಂಡರಿನ ಪ್ಲಗ್ ಅಥವಾ ಅದರ ವೈರಿಂಗ್ ಕಡೆ ನೋಡಬೇಕು. ಪಿ0670 ಬಂದರೆ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಮಾಡ್ಯೂಲಿನ ಕಡೆ. ಪಿ0380 ಇಡೀ ಸರ್ಕ್ಯೂಟಿನ ದೂರು. ಫ್ಯೂಸ್, ರಿಲೇ, ವೈರು ಮೂರನ್ನೂ ನೋಡಬೇಕಾಗುತ್ತದೆ. ಕೋಡ್ ಬೇರೇನೋ ಹೇಳಿದರೆ ಪ್ಲಗ್ ವಿಚಾರ ಅಲ್ಲಿಗೇ ಬಿಟ್ಟು ಅದರ ಹಿಂದೆ ಹೋಗುವುದು ಜಾಣತನ.

ಕಾರಿನ ನಡವಳಿಕೆಯೂ ಸುಳಿವು ಕೊಡುತ್ತದೆ. ಚಳಿಯ ಬೆಳಿಗ್ಗೆ ತುಂಬಾ ಹೊತ್ತು ಕ್ರ್ಯಾಂಕ್ ಮಾಡಬೇಕಾಗುವುದು (ಸ್ಟಾರ್ಟರ್ ತಿರುಗಿಸುತ್ತಲೇ ಇರುವುದು), ಶುರುವಾದ ಮೇಲೆ ನಡುಗುವುದು, ಬಿಳಿ ಹೊಗೆ, ಒಂದು ನಿಮಿಷದಲ್ಲಿ ಎಲ್ಲ ಸರಿಹೋಗುವುದು — ಇವೆಲ್ಲ ಒಟ್ಟಿಗೆ ಕಂಡರೆ ಪ್ಲಗ್ ಮೇಲೆ ಅನುಮಾನ ಪಡಬಹುದು. ಬಿಸಿಲುಕಾಲದಲ್ಲಿ ಒಂದು ಪ್ಲಗ್ ಸತ್ತರೂ ತಿಳಿಯುವುದೇ ಇಲ್ಲ. ಅದಕ್ಕೇ ದೀಪವನ್ನು ಕಡೆಗಣಿಸುವವರು ಜಾಸ್ತಿ. ಆದರೆ ಕೆಲವು ಕಾರುಗಳಲ್ಲಿ ಗ್ಲೋ ಪ್ಲಗ್ ದೋಷ ಇದ್ದರೆ ಹೊಗೆಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನು ಸುಟ್ಟು ಸ್ವಚ್ಛ ಮಾಡಿಕೊಳ್ಳುವುದೂ ನಿಂತುಹೋಗುತ್ತದೆ. ಆ ಫಿಲ್ಟರ್ ಕಟ್ಟಿಕೊಂಡರೆ ಖರ್ಚು ಪ್ಲಗ್‌ಗಿಂತ ಎಷ್ಟೋ ಪಟ್ಟು.

ಪ್ಲಗ್ ಪರೀಕ್ಷೆಗೆ ಮಲ್ಟಿಮೀಟರ್ ಸಾಕು. ವೈರ್ ಕಳಚಿ, ಪ್ಲಗ್ಗಿನ ತುದಿಗೂ ಇಂಜಿನ್ ಬ್ಲಾಕಿಗೂ ನಡುವೆ ರೆಸಿಸ್ಟೆನ್ಸ್ ಅಳೆಯಬೇಕು. ಒಳ್ಳೆಯ ಪ್ಲಗ್ ಸಾಮಾನ್ಯವಾಗಿ ಒಂದು ಓಮಿನ ಆಸುಪಾಸು ತೋರಿಸುತ್ತದೆ. ಕಡಿದುಹೋದದ್ದು ಏನೂ ತೋರಿಸುವುದಿಲ್ಲ. ನಾಲ್ಕನ್ನೂ ಹೋಲಿಸಿದಾಗ ಬೇರೆಯಾಗಿ ಕಾಣುವುದೇ ಕಳ್ಳ. ಎಲ್ಲ ಪ್ಲಗ್‌ಗಳನ್ನು ಒಂದೇ ಲೋಹದ ಪಟ್ಟಿಯಲ್ಲಿ ಜೋಡಿಸಿದ್ದರೆ ಮೊದಲು ಪಟ್ಟಿ ತೆಗೆಯಿರಿ. ಇಲ್ಲದಿದ್ದರೆ ಮೀಟರ್ ನಾಲ್ಕನ್ನೂ ಸೇರಿಸಿ ಅಳೆದು ದಾರಿ ತಪ್ಪಿಸುತ್ತದೆ. ನೇರ ಬ್ಯಾಟರಿಗೆ ಹಚ್ಚಿ ಕೆಂಪಾಗುತ್ತದಾ ಅಂತ ನೋಡುವ ಹಳೆ ಉಪಾಯ ಮಾತ್ರ ಬೇಡ. ಈಗಿನ ಎಷ್ಟೋ ಪ್ಲಗ್‌ಗಳು ಐದೋ ಏಳೋ ವೋಲ್ಟಿಗೆ ಮಾಡಿದವು. 12 ವೋಲ್ಟ್ ಕೊಟ್ಟರೆ ಅಲ್ಲೇ ಸುಟ್ಟುಹೋಗುತ್ತವೆ.

ಬಿಚ್ಚುವಾಗ ಅವಸರ ಬೇಡ. ಮಸಿ ಕಟ್ಟಿ ಅಂಟಿಕೊಂಡ ಪ್ಲಗ್ಗನ್ನು ಜೋರಾಗಿ ತಿರುಗಿಸಿದರೆ ಅರ್ಧಕ್ಕೆ ಮುರಿದು ಹೆಡ್ಡಿನೊಳಗೇ, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳದೊಳಗೇ, ಉಳಿಯುತ್ತದೆ. ಆಮೇಲೆ ಹೆಡ್ ಇಳಿಸುವ ಕೆಲಸವೂ ಬೀಳಬಹುದು. ಇಂಜಿನ್ ಬೆಚ್ಚಗಿದ್ದಾಗ, ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು, ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಹೊರಬಂದ ಪ್ಲಗ್ಗನ್ನು ಎಸೆಯುವ ಮುಂಚೆ ತುದಿ ನೋಡಿ. ಕರಗಿದ್ದರೆ ಇಂಜೆಕ್ಟರ್ ಡೀಸೆಲನ್ನು ಸರಿಯಾಗಿ ಸಿಂಪಡಿಸುತ್ತಿದೆಯೇ ಎಂದು ಪರೀಕ್ಷೆ ಮಾಡಿಸಿ. ಅದನ್ನು ಸರಿಮಾಡದೆ ಹೊಸದು ಹಾಕಿದರೆ ಅದೂ ಹಾಗೇ ಕರಗುತ್ತದೆ.