ಮಕ್ಕಳ ಅಲರ್ಜಿ: ರಿಪೋರ್ಟ್ ತೆರೆಯುವ ಮೊದಲು ಕೇಳಬೇಕಾದದ್ದು

ಮಕ್ಕಳ ಒಪಿಡಿಗೆ ಅಲರ್ಜಿ ಅಂತ ಬರುವ ತಂದೆತಾಯಿ ಈಗೀಗ ಫೈಲ್ ಹಿಡಿದೇ ಬರುತ್ತಾರೆ. ಒಳಗೆ ಹತ್ತಾರು ಪದಾರ್ಥಗಳ ರಕ್ತಪರೀಕ್ಷೆ, ಅಂದರೆ ಅಲರ್ಜಿ ಪ್ಯಾನೆಲ್, ಇರುತ್ತದೆ. ಗೋಧಿ, ಹಾಲು, ಕಡಲೆಕಾಯಿ, ಟೊಮೆಟೊ ಎಲ್ಲದರ ಮುಂದೂ ಒಂದೊಂದು ಅಂಕಿ, ಕೆಲವಕ್ಕೆ ಕೆಂಪು ಗುರುತು. "ಇದ್ಯಾವುದನ್ನೂ ಕೊಡ್ತಿಲ್ಲ ಡಾಕ್ಟ್ರೇ" ಅಂತ ತಾಯಿ ಹೇಳುವ ಹೊತ್ತಿಗೆ ಎಷ್ಟೋ ಸಲ ಮಗುವಿನ ತೂಕವೇ ಇಳಿದಿರುತ್ತದೆ. ವೈದ್ಯಕೀಯ ಓದುವ ನಾವೂ ಪರೀಕ್ಷೆಗೆ ಕೂರುವಾಗ ಟೆಸ್ಟ್‌ಗಳ ಹೆಸರು ಬಾಯಿಪಾಠ ಮಾಡುತ್ತೇವೆ. ಯಾವ ಟೆಸ್ಟ್ ಯಾವ ಪ್ರಶ್ನೆಗೆ ಉತ್ತರ ಅನ್ನುವುದನ್ನು ಮಾತ್ರ ಬಿಟ್ಟುಬಿಡುತ್ತೇವೆ. ಈ ಟಿಪ್ಪಣಿ ಅದಕ್ಕಾಗಿ.

ಮೊದಲು ಮೈಯೊಳಗೆ ಏನಾಗುತ್ತದೆ ನೋಡೋಣ. ಕೆಲವು ಮಕ್ಕಳ ದೇಹ ಮೊಟ್ಟೆ, ಹಾಲು, ದೂಳಿನ ನುಸಿ ಇಂಥವುಗಳ ಪ್ರೋಟೀನಿಗೆ ಐಜಿಇ ಎಂಬ ಪ್ರತಿಕಾಯ ತಯಾರಿಸುತ್ತದೆ. ಅದು ಹೋಗಿ ಚರ್ಮ, ಮೂಗು, ಕರುಳು ಇಂಥ ಕಡೆ ಇರುವ ಮಾಸ್ಟ್ ಕೋಶಗಳ ಮೇಲೆ ಕೂರುತ್ತದೆ. ಅದೇ ಪ್ರೋಟೀನ್ ಮತ್ತೆ ಬಂದಾಗ ಕೋಶ ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಹೊರಗೆ ಚೆಲ್ಲುತ್ತದೆ. ತುರಿಕೆ, ಊತ, ಸೀನು, ಉಬ್ಬಸ ಎಲ್ಲ ಅಲ್ಲಿಂದಲೇ. ಆದರೆ ಐಜಿಇ ಇದ್ದ ಮಾತ್ರಕ್ಕೆ ರೋಗ ಇದೆ ಅಂತಲ್ಲ. ಬರೀ ಐಜಿಇ ಇದ್ದರೆ ಅದು ಸೆನ್ಸಿಟೈಸೇಶನ್. ತಿಂದಾಗ ಅಥವಾ ತಾಗಿದಾಗ ನಿಜವಾಗಿ ತೊಂದರೆ ಆದರೆ ಮಾತ್ರ ಅಲರ್ಜಿ.

ಇದಕ್ಕೆ ನಮ್ಮಲ್ಲೇ ಒಳ್ಳೆಯ ಪುರಾವೆ ಇದೆ. ಆಹಾರದ ಅಲರ್ಜಿ ಎಷ್ಟು ಜನರಲ್ಲಿದೆ ಎಂದು ಹಲವು ದೇಶಗಳಲ್ಲಿ ನೋಡಿದ ಯುರೋಪ್ರಿವಾಲ್ ಅಧ್ಯಯನದ ಭಾರತದ ಭಾಗ ನಡೆದದ್ದು ಕರ್ನಾಟಕದಲ್ಲಿ. 2016ರಲ್ಲಿ ಬಂದ ವರದಿಯ ಪ್ರಕಾರ ಇಲ್ಲಿನ ವಯಸ್ಕರಲ್ಲಿ ಶೇ. 26.5 ಜನರ ರಕ್ತದಲ್ಲಿ ಒಂದಲ್ಲ ಒಂದು ಆಹಾರಕ್ಕೆ ಐಜಿಇ ಇತ್ತು. ಆಹಾರದ ಅಲರ್ಜಿ ಇರಬಹುದು ಎನ್ನುವಂಥವರು ಶೇ. 1.2 ಮಾತ್ರ. ಶಾಲಾ ಮಕ್ಕಳಲ್ಲಿ ಈ ಪ್ರಮಾಣ ಇನ್ನೂ ಕಡಿಮೆ, ಶೇ. 0.14. ಅಂದರೆ ದಾರಿಯಲ್ಲಿ ಹೋಗುವವರಿಗೆಲ್ಲ ಸುಮ್ನೆ ಪ್ಯಾನೆಲ್ ಮಾಡಿಸಿದರೆ ನಾಲ್ವರಲ್ಲಿ ಒಬ್ಬರ ರಿಪೋರ್ಟ್ ಪಾಸಿಟಿವ್ ಬರುತ್ತದೆ. ಅವರಲ್ಲಿ ಬಹುತೇಕರು ಅದನ್ನೇ ತಿಂದು ಆರಾಮಾಗಿದ್ದಾರೆ.

ಹಾಗಾಗಿ ಫೈಲ್ ಪಕ್ಕಕ್ಕಿಟ್ಟು ಮೊದಲು ವಿಚಾರಿಸಬೇಕು. ಮೂರು ವರ್ಷದ ಹುಡುಗಿಯನ್ನು ಅಜ್ಜಿ ಕರೆತಂದಿದ್ದಾರೆ ಅಂದುಕೊಳ್ಳಿ.

"ಇವಳಿಗೆ ಮೊಟ್ಟೆ ಆಗಿಬರಲ್ಲ."

"ಕೊನೇ ಸಲ ಯಾವಾಗ ಕೊಟ್ರಿ ಅಜ್ಜಿ? ಹೇಗೆ ಕೊಟ್ರಿ?"

"ಬೇಯಿಸಿದ್ದು ಅರ್ಧ ಕೊಟ್ಟೆ. ನಾನು ಕೈ ತೊಳ್ಕೊಂಡು ಬರೋದ್ರೊಳಗೆ ತುಟಿ ದಪ್ಪ ಆಗಿ ಮೈಯೆಲ್ಲ ಗಂಧೆ ಎದ್ಬಿಡ್ತು."

"ಕೇಕ್ ತಿಂತಾಳಾ?"

"ಓ, ಬೇಕರಿ ಕೇಕ್ ತಿಂತಾಳಲ್ಲ. ಏನೂ ಆಗಲ್ಲ."

ಇಷ್ಟರಲ್ಲಿ ಅರ್ಧ ರೋಗನಿರ್ಣಯ ಆಯಿತು. ತಿಂದ ಕೆಲವೇ ನಿಮಿಷದಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ ಶುರುವಾದರೆ ಐಜಿಇ ಬಗೆಯ ಅಲರ್ಜಿ. ಪ್ರತಿ ಸಲ ಹಾಗೇ ಆಗುತ್ತದಾ, ಎಷ್ಟು ತಿಂದಾಗ ಆಯಿತು, ಎಷ್ಟು ಹೊತ್ತಿಗೆ ಇಳಿಯಿತು, ಉಸಿರಾಟಕ್ಕೆ ತೊಂದರೆ ಆಯಿತಾ ಎಂದು ಮುಂದುವರಿಸಿ. ಕೇಕ್ ಪ್ರಶ್ನೆ ಕಾಡುಹರಟೆಯಲ್ಲ. ಹಿಟ್ಟಿನ ಜೊತೆ ಓವನ್‌ನಲ್ಲಿ ತುಂಬ ಹೊತ್ತು ಬೆಂದಾಗ ಮೊಟ್ಟೆಯ ಪ್ರೋಟೀನಿನ ರೂಪ ಬದಲಾಗುತ್ತದೆ. ಮೊಟ್ಟೆ ಅಲರ್ಜಿ ಇರುವ ಹೆಚ್ಚಿನ ಮಕ್ಕಳು ಹಾಗೆ ಬೇಯಿಸಿದ್ದನ್ನು ತಡೆದುಕೊಳ್ಳುತ್ತಾರೆ. ಈ ಹುಡುಗಿಗೆ ಆಮ್ಲೆಟ್, ಬೇಯಿಸಿದ ಮೊಟ್ಟೆ ಬೇಡ. ಕೇಕ್ ನಿಲ್ಲಿಸುವ ಅಗತ್ಯವಿಲ್ಲ.

ಇದಕ್ಕೆ ಎದುರು ಚಿತ್ರವೂ ಗೊತ್ತಿರಲಿ. ಜ್ವರ ಬಂದ ಮಗುವಿಗೆ ಮೈಮೇಲೆ ಗಂಧೆ ಎದ್ದರೆ ನಿನ್ನೆಯ ಬದನೆಕಾಯಿ ಪಲ್ಯವನ್ನು ಬೈಯಬೇಡಿ, ಕಾರಣ ಸಾಮಾನ್ಯವಾಗಿ ವೈರಸ್ಸು. ಆರು ವಾರಕ್ಕಿಂತ ಜಾಸ್ತಿ ದಿನ ಏಳುತ್ತಾ ಇಳಿಯುತ್ತಾ ಇರುವ ಗಂಧೆಗೆ ಆಹಾರ ಕಾರಣವಾಗುವುದು ಅಪರೂಪ.

ಸಂಶಯ ಗಟ್ಟಿಯಾದ ಮೇಲೆ ಟೆಸ್ಟ್. ಸ್ಕಿನ್ ಪ್ರಿಕ್ ಅಂದರೆ ಮುಂಗೈ ಮೇಲೆ ಸಂಶಯವಿರುವ ಪದಾರ್ಥಗಳ ದ್ರಾವಣವನ್ನು ಒಂದೊಂದು ಹನಿ ಇಟ್ಟು, ಲ್ಯಾನ್ಸೆಟ್ ಎಂಬ ಸಣ್ಣ ಮೊನೆಯಿಂದ ಹನಿಯ ಮೂಲಕವೇ ಚರ್ಮವನ್ನು ಚುಚ್ಚುವುದು. ರಕ್ತ ಬರಬಾರದು. ಹೋಲಿಸಿ ನೋಡಲು ಪಕ್ಕದಲ್ಲಿ ಹಿಸ್ಟಮಿನ್ ಹನಿ ಒಂದು, ಸಲೈನ್ ಹನಿ ಒಂದು. 15 ನಿಮಿಷ ಬಿಟ್ಟು ಅಳೆಯಬೇಕು. ಸಲೈನಿಗಿಂತ 3 ಮಿ.ಮೀ. ಅಥವಾ ಹೆಚ್ಚು ದೊಡ್ಡ ಉಬ್ಬು ಎದ್ದರೆ ಪಾಸಿಟಿವ್. ಕೆಂಪಾದ ಜಾಗವನ್ನಲ್ಲ, ಉಬ್ಬನ್ನು ಅಳೆಯಿರಿ. ಹಿಸ್ಟಮಿನ್ ಜಾಗದಲ್ಲೇ ಉಬ್ಬು ಏಳದಿದ್ದರೆ ಇಡೀ ಟೆಸ್ಟ್ ವ್ಯರ್ಥ. ಸಾಮಾನ್ಯ ಕಾರಣ ಮನೆಯಲ್ಲಿ ಕೊಟ್ಟ ನೆಗಡಿ ಸಿರಪ್ಪು. ಅದರಲ್ಲಿ ಕ್ಲೋರ್‌ಫೆನಿರಮಿನ್ ಎಂಬ ಆಂಟಿಹಿಸ್ಟಮಿನ್, ಅಂದರೆ ಹಿಸ್ಟಮಿನ್ ಕೆಲಸವನ್ನು ತಡೆಯುವ ಔಷಧ, ಇರುತ್ತದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಆಂಟಿಹಿಸ್ಟಮಿನ್ ಯಾವುದೇ ಇರಲಿ, ಸುಮಾರು ಒಂದು ವಾರ ಮೊದಲೇ ನಿಲ್ಲಿಸಲು ಹೇಳಬೇಕು.

ಓದುವ ಕ್ರಮವೂ ಮುಖ್ಯ. ಆಹಾರದ ಪ್ರಿಕ್ ಟೆಸ್ಟ್ ನೆಗೆಟಿವ್ ಬಂದರೆ ಐಜಿಇ ಅಲರ್ಜಿ ಇಲ್ಲವೆಂದು ಹೆಚ್ಚುಕಡಿಮೆ ನಂಬಬಹುದು. ಪಾಸಿಟಿವ್ ಬಂದರೆ ಅಷ್ಟು ನಂಬುವಂತಿಲ್ಲ. ಉಬ್ಬು ದೊಡ್ಡದಾದಷ್ಟೂ ಅಲರ್ಜಿ ಇರುವ ಸಾಧ್ಯತೆ ಹೆಚ್ಚು. ಆದರೆ ಮುಂದಿನ ಸಲ ಎಷ್ಟು ಜೋರಾಗಿ ಆಗುತ್ತದೆ ಎಂದು ಅದು ಹೇಳುವುದಿಲ್ಲ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಇಲ್ಲೇ ಎಡವಿಸುತ್ತಾರೆ.

ಮೈತುಂಬ ಇಸುಬು ಇದ್ದರೆ, ಔಷಧ ನಿಲ್ಲಿಸಲು ಆಗದಿದ್ದರೆ ರಕ್ತದಲ್ಲಿ ಆಯಾ ಪದಾರ್ಥದ ಐಜಿಇ ನೋಡಬಹುದು. ಒಟ್ಟು ಐಜಿಇ ಬೇರೆ ವಿಷಯ. ಹೊಟ್ಟೆಯಲ್ಲಿ ಜಂತುಹುಳು ಇದ್ದರೂ ಅದು ಏರುತ್ತದೆ. ಐಜಿಜಿ ಎಂಬ ಇನ್ನೊಂದು ಪ್ರತಿಕಾಯದ ಪ್ಯಾನೆಲ್ ಮಾತ್ರ ಮಾಡಿಸಲೇಬೇಡಿ. ಮಗು ಆ ಆಹಾರ ತಿಂದಿದೆ ಅನ್ನುವುದನ್ನಷ್ಟೇ ಅದು ಹೇಳುತ್ತದೆ, ಅದನ್ನು ತಾಯಿಯನ್ನೇ ಕೇಳಬಹುದಲ್ವಾ? ವಿಚಾರಣೆ ಒಂದು ಹೇಳಿ ಟೆಸ್ಟ್ ಇನ್ನೊಂದು ಹೇಳಿದರೆ ಕೊನೆಯ ತೀರ್ಮಾನ ಓರಲ್ ಫುಡ್ ಚಾಲೆಂಜ್‌ನದು. ಆಸ್ಪತ್ರೆಯಲ್ಲಿ, ತೀವ್ರ ಅಲರ್ಜಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲಿಟ್ಟುಕೊಂಡು, ಚೂರಿನಿಂದ ಶುರುಮಾಡಿ ಮೆಲ್ಲಗೆ ಹೆಚ್ಚಿಸುತ್ತಾ ತಿನ್ನಿಸುವುದು.

ಹಸುವಿನ ಹಾಲಿನ ವಿಷಯದಲ್ಲಿ ಗೊಂದಲ ಜಾಸ್ತಿ. ಹಾಲಿನ ಅಲರ್ಜಿ ಪ್ರೋಟೀನಿನದು. ಲ್ಯಾಕ್ಟೋಸ್ ಜೀರ್ಣವಾಗದಿರುವುದು ಹಾಲಿನ ಸಕ್ಕರೆಯದು. ಭೇದಿಯ ನಂತರ ಕೆಲವು ದಿನ ಹಾಲು ಒಗ್ಗದ ಮಗುವಿಗೆ ಅಲರ್ಜಿ ಅಂತ ಹಣೆಪಟ್ಟಿ ಹಚ್ಚಬಾರದು. ಹಾಲಿನ ಅಲರ್ಜಿಯಲ್ಲೂ ಐಜಿಇ ಇಲ್ಲದ ಬಗೆ ಇದೆ. ಚೆನ್ನಾಗಿ ಬೆಳೆಯುತ್ತಿರುವ, ಎದೆಹಾಲು ಕುಡಿಯುವ ಕೂಸಿನ ಮಲದಲ್ಲಿ ರಕ್ತದ ಎಳೆ ಕಾಣುತ್ತದೆ, ಪ್ರಿಕ್ ಟೆಸ್ಟ್ ನೆಗೆಟಿವ್. ಇಲ್ಲಿ ತಾಯಿ ಎರಡರಿಂದ ನಾಲ್ಕು ವಾರ ಹಾಲು, ಮೊಸರು, ಪನೀರ್ ಬಿಟ್ಟು ನೋಡಿ, ಆಮೇಲೆ ಮತ್ತೆ ತಿಂದು ನೋಡುವುದೇ ಪರೀಕ್ಷೆ. ಎದೆಹಾಲು ನಿಲ್ಲಿಸುವ ಪ್ರಶ್ನೆಯೇ ಇಲ್ಲ. ತಾಯಿಗೆ ಕ್ಯಾಲ್ಸಿಯಂ ಕೊಡುವುದು ಮರೆಯಬೇಡಿ. ಮೇಲುಹಾಲು ಕುಡಿಯುವ ಕೂಸಿಗೆ ಮನೆಯವರು ಮೊದಲು ಯೋಚಿಸುವುದು ಆಡಿನ ಹಾಲು, ಇಲ್ಲವೇ ಎಮ್ಮೆ ಹಾಲು. ಇವುಗಳ ಪ್ರೋಟೀನ್ ಹಸುವಿನದಕ್ಕೆ ತೀರಾ ಹತ್ತಿರ, ಹಾಗಾಗಿ ಪ್ರಯೋಜನವಿಲ್ಲ. ಪ್ರೋಟೀನನ್ನು ತುಂಡರಿಸಿ ತಯಾರಿಸಿದ ವಿಶೇಷ ಫಾರ್ಮುಲಾ ಬೇಕು, ಅದು ದುಬಾರಿ. ಸಮಾಧಾನದ ವಿಷಯ ಅಂದರೆ ಹಾಲು, ಮೊಟ್ಟೆಯ ಅಲರ್ಜಿ ಬಹುಪಾಲು ಮಕ್ಕಳಲ್ಲಿ ಬೆಳೆಯುತ್ತಾ ಹೋಗಿಬಿಡುತ್ತದೆ. ಕಡಲೆಕಾಯಿ, ಗೋಡಂಬಿ, ಮೀನು, ಸೀಗಡಿಯದು ಸಾಮಾನ್ಯವಾಗಿ ಉಳಿಯುತ್ತದೆ.

ಕಡಲೆಕಾಯಿ ಬಗ್ಗೆ ಲೀಪ್ ಅಧ್ಯಯನ ಓದಿಕೊಳ್ಳಿ. ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾಯಿತು. ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳಲ್ಲಿ ಅರ್ಧ ಜನರಿಗೆ ಕಡಲೆಕಾಯಿ ತಿನ್ನಿಸಿದರು, ಅರ್ಧ ಜನರಿಗೆ ಬಿಡಿಸಿದರು. ಐದು ವರ್ಷವಾದಾಗ ತಿಂದವರಲ್ಲೇ ಅಲರ್ಜಿ ಬಹಳ ಕಡಿಮೆ. ಹೊಸ ಆಹಾರವನ್ನು ತಡಮಾಡಿ ಕೊಡಿ ಎಂಬ ಹಳೆಯ ಸಲಹೆ ಅಲ್ಲಿಗೆ ಮುಗಿಯಿತು. ಕೊಡುವುದು ಪುಡಿ ಅಥವಾ ಪೇಸ್ಟ್ ರೂಪದಲ್ಲಿ. ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಮೂಗಿನ ಅಲರ್ಜಿಯನ್ನು ಮುಖ ನೋಡಿಯೇ ಊಹಿಸಬಹುದು. ಕಣ್ಣಿನ ಕೆಳಗೆ ಕಪ್ಪು ನೆರಳು, ಅಂಗೈಯಿಂದ ಮೂಗನ್ನು ಮೇಲಕ್ಕೆ ಒರೆಸಿ ಒರೆಸಿ ಮೂಗಿನ ಮೇಲೆ ಬಿದ್ದ ಅಡ್ಡಗೆರೆ, ತೆರೆದ ಬಾಯಿ. ಕಾರಣ ದೂಳಿನ ನುಸಿ, ಜಿರಳೆ, ಬೂಷ್ಟು, ಪರಾಗ. ಖಾಲಿ ಸೈಟುಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡದ ಪರಾಗವನ್ನೂ ಕೇಳಿ. ಪ್ರತಿಯೊಂದು ಮೂಗಿನ ಕೇಸಿನಲ್ಲೂ ಎದೆಗೆ ಸ್ಟೆತ್ ಇಡಿ, ಆಸ್ತಮಾ ಜೊತೆಗಿರುವುದು ಸಾಮಾನ್ಯ. ಚಿಕಿತ್ಸೆಯಲ್ಲಿ ನಿದ್ದೆ ಬರಿಸದ ಆಂಟಿಹಿಸ್ಟಮಿನ್, ಮೂಗು ಕಟ್ಟುವುದೇ ಹೆಚ್ಚಿದ್ದರೆ ಸ್ಟೆರಾಯ್ಡ್ ಸ್ಪ್ರೇ. ಹೊಡೆಯುವ ರೀತಿಯನ್ನು ತೋರಿಸಿಕೊಡಬೇಕು. ತಲೆ ಸ್ವಲ್ಪ ಬಗ್ಗಿಸಿ, ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಆಗ ತುದಿ ತಾನಾಗಿ ಕಿವಿಯ ಕಡೆ ತಿರುಗುತ್ತದೆ. ನಡುಗೋಡೆಗೆ ಹೊಡೆದರೆ ಮೂಗಿನಿಂದ ರಕ್ತ ಬರುತ್ತದೆ, ಮನೆಯವರು ಔಷಧವನ್ನೇ ಬಿಡುತ್ತಾರೆ. ಆಸ್ತಮಾ, ಮೂಗಿನ ಅಲರ್ಜಿಗೆ ಬಳಸುವ ಮಾಂಟೆಲುಕಾಸ್ಟ್ ಸಿರಪ್ಪನ್ನು ಸುಮ್ಮನೆ ಬರೆಯಬೇಡಿ. ಮಕ್ಕಳ ನಿದ್ದೆ, ವರ್ತನೆ ಕೆಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಗಂಭೀರ ಎಚ್ಚರಿಕೆ ಕೊಟ್ಟಿದೆ. ಅಲರ್ಜಿ ತರುವ ಪದಾರ್ಥವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ಒಗ್ಗಿಸುವ ಇಮ್ಯುನೊಥೆರಪಿ ಕೊನೆಗೆ, ಕಾರಣ ಖಚಿತವಾಗಿದ್ದರೆ ಮಾತ್ರ. ಕನಿಷ್ಠ ಮೂರು ವರ್ಷ ಹಿಡಿಯುತ್ತದೆ.

ಜೀವಕ್ಕೇ ಅಪಾಯ ತರುವ ತೀವ್ರ ಅಲರ್ಜಿ, ಅಂದರೆ ಅನಾಫಿಲಾಕ್ಸಿಸ್, ಬಂದಾಗ ಯೋಚಿಸಲು ಹೊತ್ತಿಲ್ಲ, ಹಾಗಾಗಿ ಡೋಸನ್ನು ಈಗಲೇ ಕಲಿಯಿರಿ. ಗಂಧೆಯ ಜೊತೆ ಉಬ್ಬಸ, ಧ್ವನಿ ಬದಲಾವಣೆ, ಬಿಡದ ವಾಂತಿ, ಮಂಕು ಇದ್ದರೆ ಅಡ್ರಿನಲಿನ್. ಚರ್ಮದಲ್ಲಿ ಏನೂ ಕಾಣದೆಯೂ ಆಗಬಹುದು. 1 ಮಿ.ಲೀ. ಆಂಪೂಲಿನಲ್ಲಿ 1 ಮಿ.ಗ್ರಾಂ. ಇರುತ್ತದೆ. ಕೆ.ಜಿ.ಗೆ 0.01 ಮಿ.ಲೀ., ಮಕ್ಕಳಲ್ಲಿ ಗರಿಷ್ಠ 0.3 ಮಿ.ಲೀ. ಕೊಡಬೇಕು. 12 ಕೆ.ಜಿ. ಮಗುವಿಗೆ 0.12 ಮಿ.ಲೀ. ಒಂದು ಮಿ.ಲೀ. ಸಿರಿಂಜಿನಲ್ಲಿ ಎಳೆದು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡಿ. ಮಲಗಿಸಿ ಕಾಲು ಎತ್ತರಿಸಿ, ಉಸಿರಿಗೆ ಕಷ್ಟವಿದ್ದರೆ ಕೂರಿಸಿ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಂದು. ಮೊದಲು ಅವಿಲ್ (ಆಂಟಿಹಿಸ್ಟಮಿನ್), ಡೆಕ್ಸಾ (ಸ್ಟೆರಾಯ್ಡ್) ಕೊಟ್ಟು ನೋಡೋಣ ಅನ್ನುವ ಅಭ್ಯಾಸ ಅಪಾಯಕಾರಿ. ಅವು ಗಂಟಲ ಊತವನ್ನೂ ಕುಸಿಯುತ್ತಿರುವ ಬಿಪಿಯನ್ನೂ ಹಿಡಿದು ನಿಲ್ಲಿಸುವುದಿಲ್ಲ.

ಇನ್ನು ಪೆನಿಸಿಲಿನ್. ಪೆನಿಸಿಲಿನ್ ಗುಂಪಿನ ಅಮಾಕ್ಸಿಸಿಲಿನ್ ಕೊಟ್ಟ ನಾಲ್ಕನೇ ದಿನ ಸಣ್ಣ ದದ್ದು ಬಂತು ಅಂತ "ಪೆನಿಸಿಲಿನ್ ಅಲರ್ಜಿ" ಬರೆದರೆ ಆ ಮಾತು ಜೀವನಪೂರ್ತಿ ಅಂಟಿಕೊಳ್ಳುತ್ತದೆ. ಅಂಥ ಬಹುಪಾಲು ಮಕ್ಕಳು ಆಮೇಲೆ ಪರೀಕ್ಷಿಸಿದಾಗ ಅದೇ ಔಷಧವನ್ನು ತೊಂದರೆಯಿಲ್ಲದೆ ತೆಗೆದುಕೊಳ್ಳುತ್ತಾರೆ. ಕೇಸ್ ಶೀಟಿನಲ್ಲಿ ಹಣೆಪಟ್ಟಿಯ ಬದಲು ವಿವರ ಬರೆಯಿರಿ: ಯಾವ ಔಷಧ, ಎಷ್ಟನೇ ಡೋಸಿಗೆ, ಎಷ್ಟು ಹೊತ್ತಿಗೆ, ದದ್ದು ಹೇಗಿತ್ತು, ಆಗ ಜ್ವರ ಇತ್ತಾ. ತಾಯಿಯ ಮೊಬೈಲಿನಲ್ಲಿ ಫೋಟೋ ಇದೆಯಾ ಅಂತಲೂ ಕೇಳಿ, ಸಾಮಾನ್ಯವಾಗಿ ಇರುತ್ತದೆ.