ಮೆಕ್ಕೆಜೋಳ ಹಡಗು ಹತ್ತಿತು, ಸುಣ್ಣ ಹತ್ತಲಿಲ್ಲ

ಮೆಕ್ಸಿಕನ್ ಮತ್ತು ಇಟಾಲಿಯನ್ ಅಡುಗೆ ಬೆರೆಸಿ ಬಡಿಸುವ ರೆಸ್ಟೋರೆಂಟ್ ಅಂದರೆ ಮೂಗು ಮುರಿಯುವವರೇ ಜಾಸ್ತಿ. ಮೆಕ್ಸಿಕೋದ ಟೊರ್ಟಿಯಾ ರೊಟ್ಟಿಯೊಳಗೆ ಇಟಲಿಯ ಮೊಜರೆಲ್ಲಾ ಚೀಸ್ ಯಾಕೆ, ಇಟಲಿಯ ರವಿಯೋಲಿ ಕಡುಬಿನ ಮೇಲೆ ಒಣಮೆಣಸಿನಕಾಯಿಯ ಮೋಲೆ ಸಾಸ್ ಯಾಕೆ, ಎತ್ತಣಿಂದೆತ್ತ ಸಂಬಂಧ ಅಂತ ಕೇಳುತ್ತಾರೆ. ಇದೆಲ್ಲ ಈಗಿನವರ ಶೋಕಿ, ಅಸಲಿ ಅಡುಗೆ ಕೆಡಿಸುತ್ತಿದ್ದಾರೆ ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ರೇಗುತ್ತದೆ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಅಮೆರಿಕ ಖಂಡಗಳಿಂದ ಬಂದ ಸಾಮಾನನ್ನೆಲ್ಲ ಇಟಲಿಯ ಅಡುಗೆಮನೆಯಿಂದ ವಾಪಸ್ ಕಳಿಸಿದರೆ ಅಲ್ಲಿ ಏನು ಉಳಿಯುತ್ತದೆ? ಟೊಮೆಟೊ ಹೋಯಿತು. ಕಲಾಬ್ರಿಯಾದವರ ಖಾರದ ಮೆಣಸಿನಕಾಯಿ ಹೋಯಿತು. ಮಿನೆಸ್ಟ್ರೋನೆ ಸೂಪಿನ ಬೀನ್ಸ್ ಹೋಯಿತು. ಜುಕಿನಿಯೂ ಹೋಯಿತು, ಅದರ ಮೂಲದ ಕುಂಬಳ ಮೆಕ್ಸಿಕೋ ಕಡೆಯದು. 1548ರಲ್ಲಿ ಪೀಸಾದಲ್ಲಿದ್ದ ಮೆಡಿಚಿ ದೊರೆಯ ಮನೆಗೆ ಒಂದು ಬುಟ್ಟಿ ಟೊಮೆಟೊ ಬಂತು ಅಂತ ದಾಖಲೆ ಇದೆ. ಟೊಮೆಟೊ ಸಾಸ್ ಮಾಡುವ ವಿಧಾನ ನೇಪಲ್ಸ್‌ನಲ್ಲಿ ಅಚ್ಚಾಗಿದ್ದು 1690ರ ದಶಕದಲ್ಲಿ. ಅದೂ 'ಸ್ಪ್ಯಾನಿಷ್ ಶೈಲಿಯದು' ಅನ್ನುವ ಹೆಸರಲ್ಲಿ! ನಡುವೆ ಸುಮಾರು ನೂರೈವತ್ತು ವರ್ಷ ಕಳೆದಿತ್ತು.

ಆ ಕಡೆಯ ಲೆಕ್ಕವೂ ಹೀಗೇ. 1519ರಲ್ಲಿ ಸ್ಪೇನಿನ ಸೈನ್ಯ ಮೆಕ್ಸಿಕೋಗೆ ಕಾಲಿಡುವ ಮುಂಚೆ ಅಲ್ಲಿ ಹಸು ಇರಲಿಲ್ಲ, ಹಂದಿ ಇರಲಿಲ್ಲ, ಗೋಧಿಯೂ ಇರಲಿಲ್ಲ. ಹಸುವಿಲ್ಲದ ಮೇಲೆ ಟೊರ್ಟಿಯಾ ಮಡಚಿ ಮಾಡುವ ಕೆಸಡಿಯಾದ ಚೀಸ್ ಎಲ್ಲಿಂದ ಬರಬೇಕು? ಇನ್ನು ಸೀಸರ್ ಸಲಾಡ್ ರೋಮ್‌ನ ಸೀಸರನದ್ದಲ್ಲ. ಅದು ಹುಟ್ಟಿದ್ದು ಮೆಕ್ಸಿಕೋದ ಟಿಹುವಾನಾ ಊರಲ್ಲಿ, ಇಟಲಿಯಿಂದ ವಲಸೆ ಬಂದ ಸೀಸರ್ ಕಾರ್ಡಿನಿಯ ರೆಸ್ಟೋರೆಂಟಿನಲ್ಲಿ, 1924ರಲ್ಲಿ. ಅಮೆರಿಕದಲ್ಲಿ ಆಗ ಪಾನನಿಷೇಧ. ಕುಡಿಯಲು ಗಡಿ ದಾಟಿ ಬರುತ್ತಿದ್ದವರಿಗೆ ಅವನು ಬಡಿಸಿದ ಸೊಪ್ಪು ಅದು. ಬೆರಕೆ ಅಡುಗೆ ಹೊಸದು ಅನ್ನುವವರು ಇದನ್ನು ಎಷ್ಟು ಸಲ ತಿಂದಿದ್ದಾರೋ.

ಆದರೆ ಇಂಥ ರೆಸ್ಟೋರೆಂಟಿನ ಮೆನುವಿನಲ್ಲಿ ನನ್ನ ಕಣ್ಣು ಹುಡುಕುವುದು ಬೇರೆ ಎರಡು ತಿನಿಸುಗಳನ್ನು. ಟೊರ್ಟಿಯಾ ಮತ್ತು ಪೊಲೆಂಟಾ. ಒಂದು ಮೆಕ್ಸಿಕೋದ ತೆಳು ರೊಟ್ಟಿ, ಇನ್ನೊಂದು ಉತ್ತರ ಇಟಲಿಯ ಗಟ್ಟಿ ಗಂಜಿ. ಎರಡಕ್ಕೂ ಒಂದೇ ಕಾಳು, ಮೆಕ್ಕೆಜೋಳ. ದಕ್ಷಿಣ ಮೆಕ್ಸಿಕೋದ ಬಾಲ್ಸಾಸ್ ನದಿ ಬಯಲಲ್ಲಿ ಸುಮಾರು 9000 ವರ್ಷ ಹಿಂದೆ ಜನ ಒಂದು ಕಾಡುಹುಲ್ಲನ್ನು ಪಳಗಿಸಿ ಬೆಳೆಸಿದ್ದು. ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ ಸುಣ್ಣ. ಹೌದು, ಗೋಡೆಗೆ ಬಳಿಯುತ್ತಾರಲ್ಲ, ಅದೇ ಸುಣ್ಣ. ಟೊರ್ಟಿಯಾದಲ್ಲಿ ಅದರ ಕೆಲಸ ಇದೆ, ಪೊಲೆಂಟಾದಲ್ಲಿ ಇಲ್ಲ. ಈ ಒಂದು ಚಮಚ ಸುಣ್ಣ ಇಲ್ಲದ್ದಕ್ಕೆ ಇಟಲಿ ಕೊಟ್ಟ ಬೆಲೆ ಸಣ್ಣದಲ್ಲ.

ಮೊದಲು ಟೊರ್ಟಿಯಾ ಹಿಟ್ಟು ಆಗುವುದನ್ನು ಹತ್ತಿರದಿಂದ ನೋಡೋಣ. ಒಣ ಕಾಳನ್ನು ಪಾತ್ರೆಗೆ ಹಾಕಿ ನೀರು ತುಂಬಿಸುತ್ತಾರೆ. ಒಂದು ಕಿಲೋ ಕಾಳಿಗೆ ಹತ್ತು ಗ್ರಾಂ ಆಸುಪಾಸು ಸುಣ್ಣ ಕದಡುತ್ತಾರೆ. ಕಾಯಿಸುತ್ತಿದ್ದಂತೆ ಕಾಳಿನ ಹಳದಿ ಗಾಢವಾಗುತ್ತದೆ, ಒದ್ದೆ ಗೋಡೆಯ ವಾಸನೆಯೊಂದು ಏಳುತ್ತದೆ. ಒಲೆ ಆರಿಸಿ ರಾತ್ರಿಯಿಡೀ ಹಾಗೇ ಬಿಡುತ್ತಾರೆ. ಬೆಳಗ್ಗೆ ಒಂದು ಕಾಳು ತೆಗೆದು ಹೆಬ್ಬೆರಳು ತೋರುಬೆರಳ ಮಧ್ಯೆ ಉಜ್ಜಿದರೆ ಸಿಪ್ಪೆ ಜಾರಿಕೊಂಡು ಬರುತ್ತದೆ. ಬೆರಳಿಗೆ ಲೋಳೆ ಅಂಟುತ್ತದೆ. ಬರೀ ನೀರಲ್ಲಿ ನೆನೆಸಿದ ಕಾಳಿನ ಸಿಪ್ಪೆ ಹೀಗೆ ಬರುವುದಿಲ್ಲ, ಎಷ್ಟು ಉಜ್ಜಿದರೂ ಅಷ್ಟೇ. ಆಮೇಲೆ ಚೆನ್ನಾಗಿ ತೊಳೆದು ಸುಣ್ಣದ ನೀರು ಚೆಲ್ಲುತ್ತಾರೆ. ಹೀಗೆ ಹದವಾದ ಕಾಳಿಗೆ ನಿಕ್ಸ್ತಮಾಲ್ ಅನ್ನುತ್ತಾರೆ. ಅದನ್ನು ಒದ್ದೆಯಾಗಿಯೇ ರುಬ್ಬಿದರೆ ಮಾಸಾ, ಅಂದರೆ ಟೊರ್ಟಿಯಾ ಹಿಟ್ಟು.

ಇಲ್ಲಿ ಎರಡು ಕೆಲಸ ಒಟ್ಟಿಗೆ ಆಗಿವೆ. ಒಂದು ಕೈಗೆ ತಿಳಿಯುತ್ತದೆ, ಇನ್ನೊಂದು ತಿಳಿಯುವುದಿಲ್ಲ.

ಕೈಗೆ ತಿಳಿಯುವುದು ಹಿಟ್ಟಿನ ಹದ. ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದರೆ ಗ್ಲುಟೆನ್ ಎಂಬ ಜಿಗುಟು ಪ್ರೋಟೀನ್ ಹೆಣೆದುಕೊಳ್ಳುತ್ತದೆ, ಅದಕ್ಕೇ ಪಾಸ್ತಾವನ್ನು ಬೇಕಾದಷ್ಟು ಎಳೆಯಬಹುದು. ಮೆಕ್ಕೆಜೋಳದಲ್ಲಿ ಗ್ಲುಟೆನ್ ಇಲ್ಲ. ಒಣ ಮೆಕ್ಕೆಜೋಳದ ಹಿಟ್ಟಿಗೆ ತಣ್ಣೀರು ಹಾಕಿ ಲಟ್ಟಿಸಲು ಹೋದರೆ ಬಿರುಕು ಬಿಟ್ಟು ಉದುರುತ್ತದೆ. ಸುಣ್ಣದ ನೀರು ಸಿಪ್ಪೆಯಲ್ಲಿರುವ ಹೆಮಿಸೆಲ್ಯುಲೋಸ್ ಎಂಬ ನಾರಿನಂಶವನ್ನು ಕರಗಿಸುತ್ತದೆ. ಬೆರಳಿಗೆ ಅಂಟಿದ ಲೋಳೆ ಅದೇ, ಹಿಟ್ಟಿಗೆ ಅಂಟು ಕೊಡುವುದರಲ್ಲೂ ಅದರ ಪಾಲಿದೆ. ಪಿಷ್ಟದ ಕಣಗಳಲ್ಲಿ ಕೆಲವು ಊದಿಕೊಳ್ಳುತ್ತವೆ. ಸುಣ್ಣದ ಕ್ಯಾಲ್ಸಿಯಂ ಈ ಎಳೆಗಳನ್ನು ಒಂದಕ್ಕೊಂದು ಕಟ್ಟುತ್ತದೆ. ಆದ್ದರಿಂದಲೇ ಉಂಡೆಯನ್ನು ಒತ್ತಿದರೆ ಒಡೆಯದೆ ತೆಳುವಾಗುತ್ತದೆ. ಕಾದ ಹೆಂಚಿನ ಮೇಲೆ ಎರಡೂ ಮೈ ಬೆಂದು ಮುಚ್ಚಿಕೊಂಡಾಗ ಒಳಗಿನ ಹಬೆಗೆ ದಾರಿ ಸಿಗದೆ ಟೊರ್ಟಿಯಾ ಉಬ್ಬುತ್ತದೆ.

ಪೊಲೆಂಟಾದ್ದು ಬೇರೆ ದಾರಿ. ಒಣ ಕಾಳನ್ನೇ ಒಡೆದು ರವೆ ಮಾಡಿ, ಕುದಿಯುವ ನೀರಿಗೆ ಸುರಿದು, ಮುಕ್ಕಾಲು ಗಂಟೆ ತಿರುವುತ್ತಾ ಕೂರಬೇಕು. ಪಿಷ್ಟ ನೀರು ಕುಡಿದು ಊದಿಕೊಂಡು, ಆರಿದ ಮೇಲೆ ಗಟ್ಟಿಯಾಗುತ್ತದೆ. ಎಷ್ಟು ಗಟ್ಟಿ ಅಂದರೆ ಉತ್ತರ ಇಟಲಿಯ ಹಳೆಯ ಮನೆಗಳಲ್ಲಿ ಅದನ್ನು ದಾರದಿಂದ ಕೊಯ್ಯುತ್ತಿದ್ದರು. ಹಾಗಾಗಿ ಮೆನುವಿನಲ್ಲಿ 'ಪೊಲೆಂಟಾ ಟಾಕೋ' ಅಂತಿದ್ದರೆ ಮಡಚಿದ ರೊಟ್ಟಿ ಬರುತ್ತದೆ ಅಂತ ಕಾಯಬೇಡಿ. ಬರುವುದು ಬಹುಶಃ ಕರಿದ ದಪ್ಪ ಬಿಲ್ಲೆ. ಅಡುಗೆಯವನ ತಪ್ಪಲ್ಲ ಅದು. ಪೊಲೆಂಟಾವನ್ನು ಮಡಚಿದರೆ ಮುರಿಯುತ್ತದೆ.

ಇನ್ನು ಕೈಗೆ ತಿಳಿಯದ ಕೆಲಸ. ನನ್ನ ಇಷ್ಟದ ಭಾಗ ಇದು, ಸ್ವಲ್ಪ ಉದ್ದ ಎಳೆಯುತ್ತೇನೆ.

ನಯಾಸಿನ್ ಅನ್ನುವ ಬಿ3 ವಿಟಮಿನ್ ದೊಡ್ಡವರಿಗೆ ದಿನಕ್ಕೆ ಸುಮಾರು 15 ಮಿಲಿಗ್ರಾಂ ಬೇಕು. ತಿಂದ ಊಟದಿಂದ ಶಕ್ತಿ ತೆಗೆಯಲು ಪ್ರತಿ ಜೀವಕೋಶವೂ ಬಳಸುವ ಎನ್‌ಎಡಿ ಎಂಬ ಅಣು ಇದರಿಂದ ತಯಾರಾಗುತ್ತದೆ. ನಯಾಸಿನ್ ಕೈಕೊಟ್ಟರೆ ಬೇಗ ಬೇಗ ಹೊಸದಾಗಬೇಕಾದ ಚರ್ಮ ಮತ್ತು ಕರುಳು, ಜಾಸ್ತಿ ಶಕ್ತಿ ಬೇಡುವ ಮಿದುಳು ಮೊದಲು ಸೊರಗುತ್ತವೆ. ಮೆಕ್ಕೆಜೋಳದಲ್ಲಿ ನಯಾಸಿನ್ ಇಲ್ಲವೇ ಅಂದರೆ, ಇದೆ. ಲ್ಯಾಬಿನಲ್ಲಿ ಅಳೆದರೆ ಸಿಗುತ್ತದೆ. ಆದರೆ ಬಹುಪಾಲು ಬೇರೆ ದೊಡ್ಡ ಅಣುಗಳಿಗೆ ಎಸ್ಟರ್ ಎಂಬ ರಾಸಾಯನಿಕ ಬಂಧದಲ್ಲಿ ಅಂಟಿಕೊಂಡಿದೆ, ಬೀಗದ ಕೈ ಕಳೆದ ಪೆಟ್ಟಿಗೆಯೊಳಗಿನ ದುಡ್ಡಿನ ಹಾಗೆ. ನಮ್ಮ ಹೊಟ್ಟೆಯಲ್ಲಿ ಆಮ್ಲ ಇದೆ, ಕರುಳಲ್ಲಿ ಕಿಣ್ವಗಳಿವೆ. ಎರಡಕ್ಕೂ ಈ ಬಂಧ ಸರಿಯಾಗಿ ಮುರಿಯಲು ಬರುವುದಿಲ್ಲ. ಹಾಗಾಗಿ ತಿಂದ ನಯಾಸಿನ್ ಹೆಚ್ಚಿನಂಶ ಬಂದ ಹಾಗೇ ಹೊರಗೆ ಹೋಗುತ್ತದೆ. ಆ ಬಂಧ ಮುರಿಯಬೇಕಾದರೆ ಕ್ಷಾರ ಬೇಕು. ಸುಣ್ಣದ ನೀರಿನ ಪಿಎಚ್ 12ರ ಹತ್ತಿರ, ಅಂದರೆ ತುಂಬಾ ಕ್ಷಾರ. ಅದರಲ್ಲಿ ಕಾಯಿಸಿ ರಾತ್ರಿಯಿಡೀ ಬಿಟ್ಟರೆ ನಯಾಸಿನ್ ಬಿಡುಗಡೆಯಾಗುತ್ತದೆ.

ತಮಾಷೆ ಅಂದರೆ, ತೊಳೆಯುವಾಗ ಒಂದಿಷ್ಟು ನಯಾಸಿನ್ ನೀರಿನ ಜೊತೆ ಹೋಗಿಬಿಡುತ್ತದೆ. ಒಟ್ಟು ಅಳತೆ ಮಾತ್ರ ನೋಡಿದವರು ಸುಣ್ಣದಿಂದ ವಿಟಮಿನ್ ನಷ್ಟ ಅನ್ನುತ್ತಾರೆ. ಮೈಗೆ ಹತ್ತುವ ಲೆಕ್ಕ ಉಲ್ಟಾ! ಇದರ ಜೊತೆಗೆ ಕ್ಯಾಲ್ಸಿಯಂ ಬೇರೆ ಹಲವು ಪಟ್ಟು ಏರುತ್ತದೆ. ಟೊರ್ಟಿಯಾ ಹಿಟ್ಟಿನ ಪೊಟ್ಟಣದ ಮೇಲೆ 'ಕ್ಯಾಲ್ಸಿಯಂ ಹೈಡ್ರಾಕ್ಸೈಡ್', ಅಂದರೆ ಇದೇ ಸುಣ್ಣದ ಹೆಸರು ಓದಿ, ಅಯ್ಯೋ ಕೆಮಿಕಲ್ ಅಂತ ಕೆಳಗಿಡುವವರಿಗೆ ಏನು ಹೇಳೋದು ಹೇಳಿ.

ಕೊಲಂಬಸ್ ನಂತರ ಮೆಕ್ಕೆಜೋಳ ಹಡಗು ಹತ್ತಿ ಯುರೋಪಿಗೆ ಬಂತು. ಕಾಳು ತಂದವರು ಕಾಳನ್ನಷ್ಟೇ ತಂದರು. ಮೆಕ್ಸಿಕೋದ ಹೆಂಗಸರು ಬೆಳಗಿನ ಜಾವ ಮಂಡಿಯೂರಿ ಮೆಟಾಟೆ ಎಂಬ ಕಲ್ಲಿನ ಮೇಲೆ ಹಿಟ್ಟು ಅರೆಯುತ್ತಿದ್ದರು. ಒಣ ಕಾಳನ್ನು ಹಾಗೆ ದಿನಾ ಅರೆಯುವುದೆಂದರೆ ಸೊಂಟ ಬೀಳುವ ಕೆಲಸ, ಸುಣ್ಣದಲ್ಲಿ ಮೆತ್ತಗಾದ ಕಾಳಾದರೆ ಪರವಾಗಿಲ್ಲ. ಯುರೋಪಿನಲ್ಲಿ ನೀರಿನಿಂದ ತಿರುಗುವ ದೊಡ್ಡ ಗಿರಣಿಗಳಿದ್ದವು. ಎಂಥ ಗಟ್ಟಿ ಕಾಳನ್ನೂ ಅವು ಪುಡಿ ಮಾಡುತ್ತಿದ್ದವು. ಹಾಗಿರುವಾಗ ಸುಣ್ಣದ ತಾಪತ್ರಯ ಯಾರಿಗೆ ಬೇಕು?

ಉತ್ತರ ಇಟಲಿಯ ವೆನೆಟೊ, ಲೊಂಬಾರ್ಡಿ ಬಯಲಲ್ಲಿ ಮೆಕ್ಕೆಜೋಳ ಚೆನ್ನಾಗಿ ಬೆಳೆಯಿತು. ಗೋಧಿ ಜಮೀನ್ದಾರನಿಗೆ ಮತ್ತು ಪೇಟೆಗೆ ಹೋಗುತ್ತಿತ್ತು. ಉತ್ತ ರೈತನಿಗೆ ಉಳಿದಿದ್ದು ಪೊಲೆಂಟಾ. ಬೆಳಗ್ಗೆ ಪೊಲೆಂಟಾ, ರಾತ್ರಿ ಪೊಲೆಂಟಾ, ಚಳಿಗಾಲ ಪೂರ್ತಿ ಬರೀ ಪೊಲೆಂಟಾ. ವಸಂತ ಬಂದು ಬಿಸಿಲು ಏರಿದ ಕೂಡಲೇ ಕೈ, ಪಾದ, ಕುತ್ತಿಗೆಯ ಚರ್ಮ ಸುಟ್ಟಂತೆ ಕೆಂಪಾಗಿ, ಆಮೇಲೆ ಕಪ್ಪಾಗಿ ಸುಲಿಯುತ್ತಿತ್ತು. ಭೇದಿ ಹತ್ತುತ್ತಿತ್ತು. ಬುದ್ಧಿ ಕೆಡುತ್ತಿತ್ತು. ಕೊನೆಗೆ ಸಾವು. ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ 1735ರಲ್ಲೇ ಈ ರೋಗ ಗುರುತಿಸಿದ್ದ. 1771ರಲ್ಲಿ ಮಿಲಾನಿನ ವೈದ್ಯ ಫ್ರಾಪೊಲ್ಲಿ ಇದನ್ನು ಪೆಲ್ಲಾಗ್ರ ಎಂದು ಕರೆದ. 1881ರ ಸರ್ಕಾರಿ ಲೆಕ್ಕದಲ್ಲಿ ಇಟಲಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳು. ಆ ಕಡೆಯ ಹುಚ್ಚಾಸ್ಪತ್ರೆಗಳು ಪೆಲ್ಲಾಗ್ರ ಬಂದವರಿಂದ ತುಂಬಿದ್ದವು.

ಕಾರಣ ಏನು ಅಂತ ಜಗಳವೋ ಜಗಳ. ತಲೆಬುರುಡೆ ನೋಡಿ ಅಪರಾಧಿಯನ್ನು ಹೇಳುತ್ತೇನೆ ಅನ್ನುತ್ತಿದ್ದ ಚೆಸಾರೆ ಲೊಂಬ್ರೊಸೊ ಇಲ್ಲೂ ಹಾಜರ್. ಬೂಷ್ಟು ಹಿಡಿದ ಕಾಳಿನ ವಿಷವೇ ಕಾರಣ ಅಂತ ಅವನ ವಾದ. ಬಡವರ ಊಟದಲ್ಲಿ ಬೇರೆ ಏನೂ ಇಲ್ಲ ಅನ್ನುವ ಮಾತು ಹಿಂದೆ ಬಿತ್ತು. ಇದು ಅಂಟುರೋಗ ಅಂತ ಇನ್ನೂ ಕೆಲವರು ಹೇಳಿದರು.

ಆ ಮಾತಿಗೆ ಏಟು ಕೊಟ್ಟವನು ಅಮೆರಿಕದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್. ಅಲ್ಲಿನ ದಕ್ಷಿಣ ರಾಜ್ಯಗಳಿಗೂ ಪೆಲ್ಲಾಗ್ರ ಹರಡಿತ್ತು. ಅನಾಥಾಲಯ, ಹುಚ್ಚಾಸ್ಪತ್ರೆಗಳಲ್ಲಿ ಒಳಗಿದ್ದವರಿಗೆ ರೋಗ ಬರುತ್ತಿತ್ತು, ಅವರನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಬರುತ್ತಿರಲಿಲ್ಲ. ಅಂಟುರೋಗ ಹೀಗೆ ಸಂಬಳ ನೋಡಿ ಅಂಟುತ್ತದೆಯೇ? 1915ರಲ್ಲಿ ಅವನು ಮಿಸಿಸಿಪ್ಪಿಯ ಜೈಲು ತೋಟದಲ್ಲಿ ಬಿಡುಗಡೆಯ ಆಸೆಗೆ ಒಪ್ಪಿದ ಆರೋಗ್ಯವಂತ ಕೈದಿಗಳಿಗೆ ಮೆಕ್ಕೆಜೋಳವೇ ಮುಖ್ಯವಾದ ಬಡ ಊಟ ಕೊಟ್ಟ. ಹನ್ನೊಂದು ಜನರಲ್ಲಿ ಆರು ಮಂದಿಗೆ ರೋಗ ಕಾಣಿಸಿತು. ಈಗಿನ ಯಾವ ನೀತಿ ಸಮಿತಿಯೂ ಇದನ್ನು ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೂ ಜನ ನಂಬದಿದ್ದಾಗ ಮರುವರ್ಷ ಗೋಲ್ಡ್‌ಬರ್ಗರ್ ರೋಗಿಗಳ ರಕ್ತವನ್ನು ತನಗೇ ಚುಚ್ಚಿಸಿಕೊಂಡ, ಅವರ ಚರ್ಮದ ಹೊಪ್ಪಳೆಯನ್ನು ನುಂಗಿದ. ಹೆಂಡತಿ ಮೇರಿಯೂ ರಕ್ತ ಚುಚ್ಚಿಸಿಕೊಂಡಳು. ಇಬ್ಬರಿಗೂ ಪೆಲ್ಲಾಗ್ರ ಬರಲಿಲ್ಲ. ಊಟದಲ್ಲಿ ಕಾಣೆಯಾದದ್ದು ನಯಾಸಿನ್ ಅಂತ ಗೊತ್ತಾಗಿದ್ದು 1937ರಲ್ಲಿ. ಅಮೆರಿಕದ ವಿಸ್ಕಾನ್ಸಿನ್‌ನ ವಿಜ್ಞಾನಿ ಕಾನ್ರಾಡ್ ಎಲ್ವೆಹೆಮ್ ನಾಯಿಗಳಿಗೆ ಬರುವ ಇದೇ ಬಗೆಯ ಕಾಯಿಲೆಯನ್ನು ಅದರಿಂದ ವಾಸಿ ಮಾಡಿ ತೋರಿಸಿದ. ಅಷ್ಟು ಹೊತ್ತಿಗೆ ಗೋಲ್ಡ್‌ಬರ್ಗರ್ ತೀರಿಕೊಂಡು ಎಂಟು ವರ್ಷವಾಗಿತ್ತು.

ಈ ಕಥೆ ಹೇಳಿದಾಗಲೆಲ್ಲ ಒಬ್ಬರು ಎದ್ದು 'ನೋಡಿದ್ರಾ, ಹಿಂದಿನವರಿಗೆ ಎಲ್ಲಾ ವಿಜ್ಞಾನ ಗೊತ್ತಿತ್ತು' ಅನ್ನುತ್ತಾರೆ. ಗೊತ್ತಿರಲಿಲ್ಲ ಸ್ವಾಮಿ. ಸುಣ್ಣ ಹಾಕಿದರೆ ಸಿಪ್ಪೆ ಬಿಡುತ್ತದೆ, ಅರೆಯುವುದು ಸುಲಭ, ರೊಟ್ಟಿ ಒಡೆಯುವುದಿಲ್ಲ, ಇದು ಗೊತ್ತಿತ್ತು. ಅದು ಸಣ್ಣ ಜ್ಞಾನವೇನಲ್ಲ. ನಯಾಸಿನ್ ಬಂದದ್ದು ಕೊಸರಾಗಿ. ಅದೂ ಅಲ್ಲದೆ ಮೆಕ್ಸಿಕೋದವರನ್ನು ಕಾಪಾಡಿದ್ದು ಸುಣ್ಣ ಒಂದೇ ಅಲ್ಲ, ಟೊರ್ಟಿಯಾ ಜೊತೆ ಬೀನ್ಸ್ ಇತ್ತು, ಕುಂಬಳ ಇತ್ತು, ಮೆಣಸಿನಕಾಯಿ ಇತ್ತು. ಹಳೆಯದೆಲ್ಲ ಮೌಢ್ಯ ಅಂತ ಎಸೆದವರು ಸುಣ್ಣವನ್ನೂ ಎಸೆಯುತ್ತಾರೆ, ಹಳೆಯದೆಲ್ಲ ಸರಿ ಅನ್ನುವವರು ಯಾಕೆ ಅಂತ ಕೇಳುವುದನ್ನೇ ಬಿಡುತ್ತಾರೆ. ನನಗೆ ಇಬ್ಬರ ಮೇಲೂ ಸಮನಾದ ಸಿಟ್ಟು.

ಮೆಕ್ಸಿಕೋದ ಪುಯೆಬ್ಲಾ ರಾಜ್ಯದಲ್ಲಿ ಚಿಪಿಲೊ ಅನ್ನುವ ಊರಿದೆ. 1882ರಲ್ಲಿ ವೆನೆಟೊದ ಸೆಗುಸಿನೊ ಮತ್ತು ಅದರ ಸುತ್ತಮುತ್ತಲಿಂದ ವಲಸೆ ಬಂದ ರೈತ ಕುಟುಂಬಗಳು ಕಟ್ಟಿದ ಊರು. ಪೆಲ್ಲಾಗ್ರ ತಾಂಡವವಾಡುತ್ತಿದ್ದ ಸೀಮೆಯಿಂದ ಹೊರಟವರು ಮೆಕ್ಕೆಜೋಳದ ತವರಿಗೇ ಬಂದಿಳಿದರು. ಬರುವಾಗ ಪೊಲೆಂಟಾವನ್ನೂ ತಂದರು. ಇವತ್ತಿಗೂ ಅಲ್ಲಿ ವೆನೆಟೊ ಮಾತು ಕೇಳುತ್ತದೆ, ಪೊಲೆಂಟಾ ಬೇಯುತ್ತದೆ, ಸುತ್ತಲಿನ ಊರುಗಳಲ್ಲಿ ಟೊರ್ಟಿಯಾ. ಮೆಕ್ಸಿಕನ್–ಇಟಾಲಿಯನ್ ಮೆನು ಬರೆಯುವವರು ಮೊದಲು ಹೋಗಿ ನೋಡಬೇಕಾದ ಜಾಗ ಅದು.

ಚಿಪಿಲೊ ಹೆಸರಾಗಿರುವುದು ಹಾಲು, ಬೆಣ್ಣೆ, ಚೀಸಿಗೆ. ಪೊಲೆಂಟಾ ಪಕ್ಕ ಚೀಸ್ ಬಂದರೆ ಸುಣ್ಣದ ಹಂಗಿಲ್ಲ. ಹಾಲಿನಲ್ಲಿ ನಯಾಸಿನ್ ಹೇಳಿಕೊಳ್ಳುವಷ್ಟು ಇಲ್ಲ, ಆದರೂ ಹಾಲು ಕುಡಿದವರಲ್ಲಿ ಪೆಲ್ಲಾಗ್ರ ವಾಸಿಯಾಗುತ್ತಿತ್ತು. ಇದು ವಿಜ್ಞಾನಿಗಳಿಗೆ ಬಹಳ ಕಾಲ ಒಗಟಾಗಿತ್ತು. ಉತ್ತರ ಸಿಕ್ಕಿದ್ದು ಹಾಲಿನ ಪ್ರೋಟೀನಿನಲ್ಲಿ. ಅದರಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಧಾರಾಳವಾಗಿದೆ, ಮೆಕ್ಕೆಜೋಳದಲ್ಲಿ ತೀರಾ ಕಡಿಮೆ. ನಮ್ಮ ಪಿತ್ತಜನಕಾಂಗ ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫ್ಯಾನ್ ಸಿಕ್ಕರೆ 1 ಮಿಲಿಗ್ರಾಂ ನಯಾಸಿನ್‌ಗೆ ಸಮನಾದದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ.