ಹುಡುಕಿದರೂ ಸಿಗದ ಕೋಲಾರ

ಕಡತಗಳನ್ನು ಹೆಸರಿನಿಂದ ಹುಡುಕಿಕೊಡುವ ಸರ್ವರ್ ಒಂದು ಲಿನಕ್ಸ್‌ನಲ್ಲಿ ನಡೆಯುತ್ತಿದೆ ಎಂದುಕೊಳ್ಳೋಣ. ಕಡತಗಳು ಹಳೆಯ ಮ್ಯಾಕ್ ಗಣಕದಿಂದ ಬಂದವು. ವಿಂಡೋಸ್ ಬಳಸುವವರು ‘ಹಾಸನ’, ‘ತುಮಕೂರು’, ‘ಮಂಡ್ಯ’ ಎಂದು ಹುಡುಕಿದರೆ ಉತ್ತರ ಸಿಗುತ್ತದೆ; ‘ಕೋಲಾರ’, ‘ಮೈಸೂರು’, ‘ಬೀದರ್’ ಎಂದರೆ ಏನೂ ಸಿಗುವುದಿಲ್ಲ. ಆದರೆ ಆ ಮ್ಯಾಕ್‌ನಲ್ಲೇ ಹುಡುಕಿದಾಗ ಎಲ್ಲ ಊರುಗಳೂ ಸಿಗುತ್ತವೆ. ಇಂಥ ಸಂದರ್ಭದಲ್ಲಿ ನೆಟ್‌ವರ್ಕನ್ನೋ ತಾತ್ಕಾಲಿಕ ಸಂಗ್ರಹವಾದ ಕ್ಯಾಶನ್ನೋ ಶಂಕಿಸಿ, ಸರ್ವರನ್ನು ಮತ್ತೆ ಮತ್ತೆ ಮರುಚಾಲನೆ ಮಾಡುತ್ತ ದಿನ ಕಳೆಯುವುದುಂಟು. ಸಿಕ್ಕ ಮತ್ತು ಸಿಗದ ಪದಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡುವುದೇ ಮೊದಲ ಕೆಲಸವಾಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಸಿಗದ ಪದಗಳಲ್ಲೆಲ್ಲ ಐದು ಗುಣಿತ ಚಿಹ್ನೆಗಳಲ್ಲಿ ಒಂದಾದರೂ ಇರುತ್ತದೆ: ಗುಡಿಸಿನ ದೀರ್ಘ, ಏತ್ವದ ದೀರ್ಘ, ಐತ್ವ, ಓತ್ವ, ಓತ್ವದ ದೀರ್ಘ. ಅಕ್ಷರಗಳಿಗೆ ಸಂಕೇತಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಇವನ್ನು ಒಂದೇ ಸಂಕೇತವಾಗಿಯೂ ಬಿಡಿ ಭಾಗಗಳಾಗಿಯೂ ಬರೆಯಲು ಅವಕಾಶವಿದೆ. ‘ಕೋ’ ಎಂಬುದು ‘ಕ’ ಮತ್ತು ಓತ್ವದ ದೀರ್ಘ ಸೇರಿದ ಎರಡು ಸಂಕೇತಗಳಾಗಬಹುದು; ಇಲ್ಲವೇ ‘ಕ’, ಏತ್ವ, ಕೊಂಬಿನ ಇಳಿ, ದೀರ್ಘ ಎಂಬ ನಾಲ್ಕಾಗಬಹುದು. ಕಾಗುಣಿತ ಹೇಳಿಕೊಡುವಾಗ ‘ಗುಡಿಸಿನ ದೀರ್ಘ’ ಎನ್ನುತ್ತೇವಲ್ಲ, ಆ ಹೆಸರಿನಲ್ಲೇ ಈ ವಿಭಜನೆ ಅಡಗಿದೆ. ಕಣ್ಣಿಗೆ ಎರಡೂ ಒಂದೇ. ಈ ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಮಾತ್ರ ಮೊದಲ ‘ಕೋಲಾರ’ಕ್ಕೆ 15 ಬೈಟ್, ಎರಡನೆಯದಕ್ಕೆ 21.

ಆಪಲ್ 1998ರಲ್ಲಿ ತಂದ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆಯು ಹೆಸರುಗಳನ್ನು ಬಿಡಿ ರೂಪಕ್ಕೆ ಒಡೆದು ಉಳಿಸುತ್ತಿತ್ತು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಮತ್ತು ಲಿನಕ್ಸ್‌ನ ಎಕ್ಸ್ಟ್4 ಸಾಮಾನ್ಯವಾಗಿ ಕೊಟ್ಟಿದ್ದನ್ನು ಕೊಟ್ಟಂತೆಯೇ ಇಡುತ್ತವೆ, ಕೀಲಿಮಣೆಯಿಂದ ಬರುವುದು ಹೆಚ್ಚಾಗಿ ಕೂಡಿದ ರೂಪ. 2017ರಲ್ಲಿ ಮ್ಯಾಕ್‌ಗೆ ಬಂದ ಎಪಿಎಫ್‌ಎಸ್ ಕೂಡ ಹೆಸರನ್ನು ಬದಲಿಸದೆ ಇಟ್ಟುಕೊಂಡು, ಹೋಲಿಸುವಾಗ ಮಾತ್ರ ಎರಡನ್ನೂ ಸಮಾನವೆಂದು ಎಣಿಸುತ್ತದೆ. ಹೀಗಾಗಿಯೇ ಒಂದು ವ್ಯವಸ್ಥೆಯಲ್ಲಿ ಸಿಕ್ಕ ಕಡತ, ಬೈಟ್‌ಗಳನ್ನಷ್ಟೇ ಹೋಲಿಸುವ ಇನ್ನೊಂದರಲ್ಲಿ ಕಾಣೆಯಾಗುತ್ತದೆ.

ಖಚಿತಪಡಿಸಿಕೊಳ್ಳಲು, ಸರ್ವರ್ ಹುಡುಕಾಟಕ್ಕೆಂದು ಇಟ್ಟುಕೊಂಡ ಹೆಸರುಗಳ ಪಟ್ಟಿಯಾದ ಇಂಡೆಕ್ಸ್‌ನಲ್ಲಿರುವ ಹೆಸರನ್ನೂ ಬಳಕೆದಾರರು ಕಳಿಸಿದ ಪದವನ್ನೂ, ಬೈಟ್‌ಗಳನ್ನು ಸಂಖ್ಯೆಗಳಾಗಿ ತೋರಿಸುವ ಹೆಕ್ಸ್‌ಡಂಪ್‌ನಲ್ಲಿ ತೆರೆದು ನೋಡಬೇಕು. ವ್ಯತ್ಯಾಸ ಕಂಡರೆ ಎರಡನ್ನೂ ಎನ್‌ಎಫ್‌ಸಿ ಎಂಬ ಕೂಡಿದ ರೂಪಕ್ಕೆ ತರಬೇಕು. ಪೈಥಾನ್‌ನ ಯೂನಿಕೋಡ್‌ಡೇಟಾ ಘಟಕ ಇದನ್ನು ಒಂದೇ ಸಾಲಿನಲ್ಲಿ ಮಾಡುತ್ತದೆ, ಹುಡುಕು ತಂತ್ರಾಂಶವಾದ ಎಲಾಸ್ಟಿಕ್‌ಸರ್ಚ್‌ನಲ್ಲಿ ಇದಕ್ಕೆ ಐಸಿಯು ಎಂಬ ಪ್ಲಗಿನ್ ಇದೆ. ಇಂಡೆಕ್ಸನ್ನು ಮಾತ್ರ ಸರಿಪಡಿಸಿ ಹುಡುಕು ಪದವನ್ನು ಹಾಗೆಯೇ ಬಿಟ್ಟರೆ ದೋಷ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ, ಅಷ್ಟೆ.

ಇಷ್ಟಾದರೂ ‘ಸಾಫ್ಟ್‌ವೇರ್’ ಸಿಗದೆ ಹೋಗಬಹುದು. ಅದರ ನಡುವೆ ಒತ್ತಕ್ಷರ ಮೂಡದಂತೆ ತಡೆಯುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಸಂಕೇತವೊಂದಿದೆ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಹೋಲಿಕೆಗೆ ಬಳಸುವ ಪ್ರತಿಯಿಂದ ಅದನ್ನು ತೆಗೆಯಬಹುದು. ಮೂಲ ಹೆಸರಿನಿಂದ ತೆಗೆದರೆ ತೆರೆಯ ಮೇಲೆ ‘ಸಾಫ್ಟ್ವೇರ್’ ಎಂದು ಮೂಡುತ್ತದೆ.